ಗಮಕವನ್ನು ಹುಡುಕುತ್ತಾ ಗಿಟಾರಿನ ಬಳಿಗೆ

‘ಮೂವತ್ತು ವರ್ಷಗಳಿಂದ ವೀಣೆ ನುಡಿಸುತ್ತಿದ್ದೇನೆ. ಕಾಲೇಜಿನಲ್ಲಿ ಓದುವ ಮಗ ಗಿಟಾರ್ ತಂದಿದ್ದಾನೆ. ಅವನ ಕೋಣೆಯಲ್ಲಿ ಹಗಲೂ ರಾತ್ರಿ ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. ನನಗೆ ಬರೀ ಗದ್ದಲವಾಗಿ ಕೇಳಿಸುತ್ತದೆ. ಗಮಕವೇ ಇಲ್ಲದ ಈ ವಾದ್ಯದಲ್ಲಿ ನನ್ನಂಥವಳು ಏನನ್ನು ಕೇಳಬೇಕು?’
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ನಿಮ್ಮ ತಕರಾರು ನ್ಯಾಯವಾದದ್ದು. ಗಮಕವೆಂದರೆ ಸ್ವರವನ್ನು ಅಲುಗಿಸುವುದು, ಜಾರಿಸುವುದು. ವೀಣೆಯ ಮೆಟ್ಟಿಲುಗಳು, ಅಂದರೆ ತಂತಿಯ ಕೆಳಗೆ ಸ್ವರಸ್ಥಾನ ತೋರುವ ಅಡ್ಡಪಟ್ಟಿಗಳು, ಮೇಣದ ಮೇಲೆ ಎತ್ತರದಲ್ಲಿ ಕುಳಿತಿರುತ್ತವೆ. ಅಲ್ಲಿ ತಂತಿಯನ್ನು ಎಳೆದು ಒಂದೇ ಮೆಟ್ಟಿಲಿನಲ್ಲಿ ಎರಡು ಮೂರು ಸ್ವರಗಳನ್ನು ತೋರಿಸಬಹುದು. ಗಿಟಾರಿನ ಮೆಟ್ಟಿಲುಗಳೋ ಮರಕ್ಕೆ ಅಂಟಿಕೊಂಡಷ್ಟು ತಗ್ಗು. ಮೀಟಿದ ನಾದವೂ ಬೇಗ ಕರಗಿಹೋಗುತ್ತದೆ. ಆದರೆ ನಾನು ಪ್ರೀತಿಸುವ ಗಿಟಾರ್ ವಾದಕರೆಲ್ಲ ಈ ಎರಡು ಕೊರತೆಗಳ ಜೊತೆ ಜೀವನವಿಡೀ ಸೆಣಸಿದವರೇ. ಆದ್ದರಿಂದ ನಿಮ್ಮ ಕಿವಿಗೆ ಹತ್ತಿರವಾದ ನಾದದಿಂದ ಹೊರಟು ದೂರದ್ದಕ್ಕೆ ಹೋಗೋಣ.

ಮೊದಲು ‘ಕಾಲ್ ಆಫ್ ದಿ ವ್ಯಾಲಿ’ (1967). ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ರಾಗಗಳಲ್ಲಿ ಹೇಳುವ ಧ್ವನಿಮುದ್ರಿಕೆ ಇದು. ಶಿವಕುಮಾರ ಶರ್ಮರ ಸಂತೂರ್ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿಗಾಗಿ ಎಲ್ಲರೂ ಇದನ್ನು ನೆನೆಯುತ್ತಾರೆ. ಮೂರನೆಯವರಾದ ಬ್ರಿಜ್ ಭೂಷಣ್ ಕಾಬ್ರಾ ಅವರ ಹೆಸರು ಬಾಯಿಗೆ ಬರುವುದು ಕಡಿಮೆ, ಅದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅವರು ಅಲಿ ಅಕ್ಬರ್ ಖಾನರ ಶಿಷ್ಯರು. ಗಿಟಾರನ್ನು ಮಡಿಲಲ್ಲಿ ಮಲಗಿಸಿ, ಹವಾಯಿ ದ್ವೀಪದವರ ಪದ್ಧತಿಯಂತೆ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಿದ್ದರು. ಮೆಟ್ಟಿಲಿಲ್ಲದೆ, ತಂತಿಯ ಮೇಲೆ ಜಾರಿಸಿ ನುಡಿಸುವ ನಮ್ಮ ಗೋಟುವಾದ್ಯವನ್ನು ಬಲ್ಲ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಮೆಟ್ಟಿಲನ್ನೇ ಮುಟ್ಟದವರಿಗೆ ಮೆಟ್ಟಿಲಿನ ತೊಡಕೆಲ್ಲಿ? ಆರಂಭದ ಅಹಿರ್ ಭೈರವ ರಾಗದಲ್ಲಿ ಗಿಟಾರಿನ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಮೇಲೇಳುವ ರೀತಿಯನ್ನು ಗಮನಿಸಿ.

ಅದೇ ದಾರಿಯಲ್ಲಿ ಮುಂದೆ ಹೋದರೆ ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ಮಾಡಿಕೊಂಡ ಮೋಹನವೀಣೆ ಸಿಗುತ್ತದೆ. ಅವರು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ನುಡಿಸಿದ ‘ಎ ಮೀಟಿಂಗ್ ಬೈ ದಿ ರಿವರ್’ 1993ರಲ್ಲಿ ಹೊರಬಂದು, ಮರುವರ್ಷ ಗ್ರ್ಯಾಮಿ ಪಡೆಯಿತು. ಧ್ವನಿಮುದ್ರಣಕ್ಕೆ ಸ್ವಲ್ಪ ಮುಂಚೆಯಷ್ಟೇ ಇಬ್ಬರೂ ಮೊದಲ ಬಾರಿಗೆ ಭೇಟಿಯಾಗಿದ್ದರು. ಒಬ್ಬರು ಜಾರಿಸುವಾಗ ಇನ್ನೊಬ್ಬರು ತಡೆದು ಕಾಯುತ್ತಾರೆ. ಆ ಸೌಜನ್ಯವೇ ನನಗೆ ಇದರ ಸೊಗಸು. ಕೊನೆಯದು ‘ಈಸಾ ಲೇ’, ಫಿಜಿಯ ಜನರು ಬೀಳ್ಕೊಡುವಾಗ ಹಾಡುವ ಹಾಡು.

ಇನ್ನು ಮೆಟ್ಟಿಲಿನ ಮೇಲೆಯೇ ಗಮಕ ತರಬೇಕೆಂದು ಹಟ ಹಿಡಿದವರು ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್. ಅವರು ಒಂದಷ್ಟು ಕಾಲ ವೀಣೆಯನ್ನೇ ಅಭ್ಯಾಸ ಮಾಡಿದರು. ಆಮೇಲೆ ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿಸಿ ತಗ್ಗು ಮಾಡಿಸಿಕೊಂಡು, ತಂತಿಯನ್ನು ಎಳೆಯಲು ಅನುಕೂಲ ಮಾಡಿಕೊಂಡರು. ಅವರ ‘ಶಕ್ತಿ’ ತಂಡದ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ 1976ರಲ್ಲಿ ಲಂಡನ್ನಿನಲ್ಲಿ ಮುದ್ರಣಗೊಂಡದ್ದು. ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನರ ತಬಲ ಮತ್ತು ವಿಕ್ಕು ವಿನಾಯಕರಾಮ್ ಅವರ ಘಟ ಅದರಲ್ಲಿವೆ. ಒಂದು ರಚನೆಯ ಹೆಸರೇ ‘ಕೃತಿ’.

ಈಗ ಸಮುದ್ರ ದಾಟೋಣ. ಅಮೆರಿಕದ ಗಿಟಾರ್ ವಾದಕ, ಗಾಯಕ ಬಿ.ಬಿ. ಕಿಂಗ್ ಅವರ ಬಂಧು ಬುಕ್ಕಾ ವೈಟ್, ತಂತಿಯ ಮೇಲೆ ಲೋಹ ಜಾರಿಸಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ನುಡಿಸುವುದರಲ್ಲಿ ನಿಪುಣರು. ಕಿಂಗ್‌ಗೆ ಅದು ಕೈಗೆ ಹತ್ತಲಿಲ್ಲ. ಆ ಧ್ವನಿಯನ್ನು ಬರಿಗೈಯಲ್ಲೇ ತರಲು ಹೋಗಿ ಎಡಗೈ ಬೆರಳನ್ನು ತಂತಿಯ ಮೇಲೆ ನಡುಗಿಸುವುದನ್ನು ರೂಢಿಸಿಕೊಂಡರು. 1964ರ ನವೆಂಬರ್ 21ರಂದು ಷಿಕಾಗೋದಲ್ಲಿ ಮುದ್ರಿತವಾದ ‘ಲೈವ್ ಅಟ್ ದಿ ರೀಗಲ್’ ಕೇಳಿದರೆ ನೀವು ಅದನ್ನು ಕಂಪಿತವೆಂದೇ, ಸ್ವರವನ್ನು ನಡುಗಿಸುವ ಗಮಕವೆಂದೇ, ಗುರುತಿಸುತ್ತೀರಿ. ಹಾಡುವಾಗ ಅವರು ನುಡಿಸುವುದಿಲ್ಲ. ಸಾಲು ಮುಗಿದ ಮೇಲೆ ಗಿಟಾರ್ ಉತ್ತರ ಕೊಡುತ್ತದೆ. ತಮಗೆ ತಾವೇ ಪಕ್ಕವಾದ್ಯ. ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಜಾಝ್‌ಗೆ ವೆಸ್ ಮಾಂಟ್‌ಗೊಮರಿ ಸಾಕು, 1960ರ ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್’. ಅವರು ಪಿಕ್ (ಮೀಟುವ ಚಿಕ್ಕ ತುಂಡು) ಬಿಟ್ಟು ಹೆಬ್ಬೆರಳಿನಿಂದ ಮೀಟುತ್ತಿದ್ದುದರಿಂದ ನಾದ ದುಂಡಗಾಗಿ ಬರುತ್ತದೆ. ಸ್ಪೇನಿನ ಫ್ಲಮೆಂಕೊ ಸಂಗೀತ ಎಂದರೆ ಎಲ್ಲರೂ ಮೂವರು ವಾದಕರ ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ’ (1981) ಎನ್ನುತ್ತಾರೆ. ಅದರ ವೇಗ ಬೆರಗುಗೊಳಿಸುತ್ತದೆ, ಬೇಗ ದಣಿಸುತ್ತದೆ ಕೂಡ. ಅದರ ಬದಲು ಪಾಕೊ ದೆ ಲೂಸಿಯಾ ಅವರ ‘ಸಿರೊಕೊ’ (1987) ಕೇಳಿ. ಪಾಶ್ಚಾತ್ಯ ಶಾಸ್ತ್ರೀಯದಲ್ಲಿ, ಪರಗ್ವೆಯ ಸಂಯೋಜಕ ಬಾರಿಯೋಸ್ ಅವರ ಕೃತಿಗಳನ್ನು ಗಿಟಾರ್ ವಾದಕ ಜಾನ್ ವಿಲಿಯಮ್ಸ್ ನುಡಿಸಿರುವ 1977ರ ಧ್ವನಿಮುದ್ರಿಕೆ ಇದೆ.

ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ ಅವರ ‘ಪಿಂಕ್ ಮೂನ್’ (1972) ಅರ್ಧ ಗಂಟೆಯೂ ಇಲ್ಲ. ಎರಡು ರಾತ್ರಿಗಳಲ್ಲಿ ಮುದ್ರಣಗೊಂಡಿತು. ಒಂದು ಹಾಡಿನಲ್ಲಿ ಸ್ವಲ್ಪ ಪಿಯಾನೊ ಬಿಟ್ಟರೆ ಬರೀ ಧ್ವನಿ ಮತ್ತು ಗಿಟಾರ್. ಎರಡು ವರ್ಷಗಳ ಬಳಿಕ, 26ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮನೆಯವರೆಲ್ಲ ಮಲಗಿದ ಮೇಲೆ ಕೇಳಿ.

ಕೊನೆಗೆ ನಿಮ್ಮ ಮಗನ ಹೆಂಡ್ರಿಕ್ಸ್. ಮೀಟಿದ ಸ್ವರ ಸಾಯುವ ಸಂಕಟ ವೀಣೆಯವರಿಗೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು? ಹೆಂಡ್ರಿಕ್ಸ್ ಧ್ವನಿವರ್ಧಕದ ಎದುರು ಗಿಟಾರ್ ಹಿಡಿದು ನಿಂತರು. ಧ್ವನಿವರ್ಧಕದಿಂದ ಬಂದ ಸದ್ದು ತಂತಿಯನ್ನು ಮತ್ತೆ ನಡುಗಿಸಿತು, ಆ ನಡುಕವೇ ಮತ್ತೆ ಧ್ವನಿವರ್ಧಕಕ್ಕೆ ಹೋಯಿತು. ಹೀಗೆ ಸ್ವರ ಸಾಯದೆ ಉಳಿಯಿತು. ನಿಮಗೆ ಗದ್ದಲವಾಗಿ ಕೇಳಿಸುತ್ತಿರುವುದರಲ್ಲಿ ಬಹುಪಾಲು ಇದೇ. ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ (1968) ಒಂದನ್ನು ಮಾತ್ರ ಒಬ್ಬರೇ ಕೇಳಬೇಡಿ. ಮಗನ ಕೋಣೆಗೆ ಹೋಗಿ, ಅವನು ಇಟ್ಟಷ್ಟೇ ಜೋರಿನಲ್ಲಿ, ಅವನ ಪಕ್ಕದಲ್ಲಿ ಕುಳಿತು ಕೇಳಿ. ಯಾವ ಜಾಗದಲ್ಲಿ ಅವನು ಉಸಿರು ಬಿಗಿಹಿಡಿಯುತ್ತಾನೆಂದು ನೋಡಿ, ನನಗೂ ಬರೆಯಿರಿ.