ಪ್ರವಾಸ ಪ್ರಶ್ನೋತ್ತರ: ಬಿಳಿ ಮರಳಿನ ದಿಬ್ಬಗಳಿಗೆ ಮನೆಮಂದಿಯೊಡನೆ

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಜೂನ್‌ನಲ್ಲಿ ಶಿವಮೊಗ್ಗದಿಂದ ಅತ್ತೆ-ಮಾವ ಬರುವವರಿದ್ದಾರೆ. ಅವರನ್ನೂ ನಮ್ಮ ಇಬ್ಬರು ಚಿಕ್ಕ ಮಕ್ಕಳನ್ನೂ ಕರೆದುಕೊಂಡು ನ್ಯೂ ಮೆಕ್ಸಿಕೊ ರಾಜ್ಯದ ವೈಟ್ ಸ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವನ್ನು ನೋಡಬೇಕೆಂದಿದ್ದೇವೆ. ಅತ್ತೆಯವರಿಗೆ ಮಂಡಿನೋವಿದೆ. ಬೇಸಿಗೆಯಲ್ಲಿ ವಯಸ್ಸಾದವರನ್ನು ಮರುಭೂಮಿಗೆ ಕರೆದೊಯ್ಯುವುದು ಸರಿಯೆ?
– ಓದುಗರೊಬ್ಬರು, ಡಲ್ಲಾಸ್

ಉತ್ತರ: ಧಾರಾಳವಾಗಿ ಕರೆದೊಯ್ಯಿರಿ, ಆದರೆ ನಡುಮಧ್ಯಾಹ್ನ ಅಲ್ಲಿರಬೇಡಿ. ಜೂನ್‌ನಲ್ಲಿ ಅಲ್ಲಿನ ಹಗಲಿನ ತಾಪ ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ಕೆಲವು ದಿನ 40ನ್ನೂ ದಾಟುತ್ತದೆ. ದಿಬ್ಬಗಳ ಮೇಲೆ ನೆರಳೆಂಬುದೇ ಇಲ್ಲ. ಉದ್ಯಾನದ ಬಾಗಿಲು ಬೆಳಿಗ್ಗೆ 7ಕ್ಕೆ ತೆರೆಯುವುದರಿಂದ ಒಂದೋ ಆ ಹೊತ್ತಿಗೇ ಹೋಗಿ ಹತ್ತರೊಳಗೆ ಹಿಂತಿರುಗಿ, ಇಲ್ಲವೇ ಬಿಸಿಲು ಇಳಿದ ಮೇಲೆ ಹೋಗಿ ಸೂರ್ಯಾಸ್ತ ನೋಡಿಕೊಂಡು ಬನ್ನಿ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಸಂಜೆಗೆ. ದಿಬ್ಬಗಳ ನೆರಳು ಉದ್ದವಾಗಿ, ಮರಳಿನ ಮೇಲೆ ಗಾಳಿ ಬರೆದ ಗೆರೆಗಳು ಒಂದೊಂದಾಗಿ ಎದ್ದು ಕಾಣುವುದು ಆ ಹೊತ್ತಿನಲ್ಲೇ. ಮಧ್ಯಾಹ್ನದ ಬೆಳಕಿನಲ್ಲಿ ಎಲ್ಲವೂ ಒಂದೇ ಬಿಳುಪಾಗಿ ಕಣ್ಣಿಗೆ ಕುಕ್ಕುತ್ತದೆ.

ಮಂಡಿನೋವಿನವರಿಗೆ ಈ ಉದ್ಯಾನ ಅನೇಕ ಬೆಟ್ಟದ ಉದ್ಯಾನಗಳಿಗಿಂತ ಅನುಕೂಲಕರ. ಪ್ರವೇಶದ್ವಾರದಿಂದ ದಿಬ್ಬಗಳ ನಡುವಿನವರೆಗೆ 8 ಮೈಲಿಯ ರಸ್ತೆ ಇದ್ದು, ಕೊನೆಯ 3 ಮೈಲಿ ಗಟ್ಟಿಯಾಗಿ ಒತ್ತಿದ ಬಿಳಿ ಮರಳಿನದೇ ಆಗಿರುವುದರಿಂದ ಕಾರಿನಲ್ಲಿ ಕುಳಿತೇ ಎರಡೂ ಬದಿಯ ದಿಬ್ಬಗಳನ್ನು ನೋಡಬಹುದು. ದಾರಿಯಲ್ಲಿ ಸಿಗುವ ಇಂಟರ್‌ಡ್ಯೂನ್ ಬೋರ್ಡ್‌ವಾಕ್ ಎಂಬ ಹಲಗೆಹಾದಿಯಲ್ಲಿ ಗಾಲಿಕುರ್ಚಿಯೂ ಸಾಗುತ್ತದೆ. ಹೋಗಿಬರಲು ಅರ್ಧ ಮೈಲಿಯೂ ಆಗುವುದಿಲ್ಲ. ಮುಂದೆ ನೆರಳುಚಾವಣಿಯ ಮೇಜು-ಬೆಂಚುಗಳಿವೆ. ಮಕ್ಕಳು ಪಕ್ಕದ ದಿಬ್ಬದಿಂದ ಜಾರುತ್ತಿರುವಾಗ ಅತ್ತೆ-ಮಾವ ಅಲ್ಲಿ ಕುಳಿತು ಬುತ್ತಿ ಬಿಚ್ಚಬಹುದು. ಜಾರಲು ಬೇಕಾದ ಪ್ಲಾಸ್ಟಿಕ್ ತಟ್ಟೆಯೂ ಅದರ ತಳಕ್ಕೆ ಉಜ್ಜುವ ಮೇಣವೂ ದ್ವಾರದ ಬಳಿಯ ಅಂಗಡಿಯಲ್ಲಿ ದೊರೆಯುತ್ತವೆ. ಮೇಣ ಉಜ್ಜದಿದ್ದರೆ ತಟ್ಟೆ ಅರ್ಧಕ್ಕೇ ನಿಂತುಬಿಡುತ್ತದೆ. ಜಾರುವ ದಿಬ್ಬದ ಬುಡದಲ್ಲಿ ಗಿಡಗಂಟಿಯಾಗಲಿ ರಸ್ತೆಯಾಗಲಿ ಇರದಂತೆ ನೋಡಿಕೊಳ್ಳಿ. ಮಕ್ಕಳಿಗೆ ಮರಳಿನಲ್ಲಿ ಸುರಂಗ ತೋಡಲು ಮಾತ್ರ ಬಿಡಬೇಡಿ. ಅದು ಒಮ್ಮೆಲೇ ಕುಸಿಯುತ್ತದೆ.

ನೀರನ್ನು ದ್ವಾರದ ಬಳಿಯ ಮಾಹಿತಿ ಕೇಂದ್ರದಲ್ಲೇ ತುಂಬಿಸಿಕೊಳ್ಳಬೇಕು, ಒಳಗೆ ಎಲ್ಲಿಯೂ ಸಿಗುವುದಿಲ್ಲ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರ್, ಎಂಬುದು ಉದ್ಯಾನದವರ ಸಲಹೆ. ಬಿಳಿ ನೆಲ ಬೆಳಕನ್ನು ಮೇಲಕ್ಕೆ ಎಸೆಯುವುದರಿಂದ ಟೊಪ್ಪಿಯೊಂದೇ ಸಾಲದು, ಮಕ್ಕಳಿಗೂ ತಂಪು ಕನ್ನಡಕ ಹಾಕಿಸಿ.

ಡಲ್ಲಾಸ್‌ನಿಂದ ಕಾರಿನಲ್ಲೇ ಹೋಗುವುದು ಹಿರಿಯರಿಗೆ ತ್ರಾಸದಾಯಕ. ಎಲ್ ಪಾಸೊವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಒಂದೂವರೆ ತಾಸು ಸಾಗಿದರೆ ಸಾಕು. ಉದ್ಯಾನದಲ್ಲಿ ವಸತಿಗೃಹವಿಲ್ಲ, 15 ಮೈಲಿ ದೂರದ ಅಲಮಗೋರ್ಡೊದಲ್ಲಿ ಉಳಿದುಕೊಳ್ಳಿ. ಇನ್ನೊಂದು ಮಾತನ್ನು ಪ್ರವಾಸಿ ಕೈಪಿಡಿಗಳು ಅಷ್ಟಾಗಿ ಹೇಳುವುದಿಲ್ಲ: ಅಲ್ಲಿಂದ ಲಾಸ್ ಕ್ರೂಸಸ್ ಕಡೆಗೆ ಹೋಗುವ 70ನೆಯ ಹೆದ್ದಾರಿಯಲ್ಲಿ ಗಡಿ ಕಾವಲು ಪಡೆಯ ತಪಾಸಣಾ ಠಾಣೆ ಇದೆ. ಆದ್ದರಿಂದ ಅತ್ತೆ-ಮಾವನವರ ಪಾಸ್‌ಪೋರ್ಟ್, ಪ್ರವೇಶ ದಾಖಲೆ ಮತ್ತು ನಿಮ್ಮ ವೀಸಾ ಕಾಗದಗಳನ್ನು ಹೋಟೆಲ್ಲಿನಲ್ಲಿ ಬಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ತಲಕಾಡಿನ ಮರಳಿನಲ್ಲಿ ಮಧ್ಯಾಹ್ನ ಬರಿಗಾಲಿನಲ್ಲಿ ನಡೆದು ಬೊಬ್ಬೆ ಎಬ್ಬಿಸಿಕೊಂಡವಳು ನಾನು. ವೈಟ್ ಸ್ಯಾಂಡ್ಸ್‌ನ ಮರಳು ಬಿಸಿಲಿನಲ್ಲೂ ಸುಡುವುದಿಲ್ಲ ಎಂದು ಮಗಳು ಹೇಳುತ್ತಾಳೆ. ನಿಜವೆ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಜ. ತಲಕಾಡಿನದು ಕಾವೇರಿಯ ಮರಳು, ಅದರಲ್ಲಿ ಹೆಚ್ಚಿನ ಪಾಲು ಬೆಣಚುಕಲ್ಲಿನ ಕಣಗಳು. ವೈಟ್ ಸ್ಯಾಂಡ್ಸ್‌ನದು ಜಿಪ್ಸಮ್, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತಯಾರಿಸಲು ಬಳಸುವ ಖನಿಜ. ಅದರ ಬಿಳುಪು ಬಿಸಿಲನ್ನು ಹೀರದೆ ಹಿಂದಕ್ಕೆ ಕಳುಹಿಸುತ್ತದೆ. ಜೊತೆಗೆ ದಿಬ್ಬಗಳ ಒಳಭಾಗ ಸದಾ ತೇವವಾಗಿರುತ್ತದೆ. ಹೀಗಾಗಿ ಬೇಸಿಗೆಯಲ್ಲೂ ಚಪ್ಪಲಿ ಕಳಚಿ ನಡೆಯಬಹುದು.

ಜಿಪ್ಸಮ್ ನೀರಿನಲ್ಲಿ ಕರಗುವ ವಸ್ತು. ಹೀಗಿರುವಾಗ ದಿಬ್ಬಗಳು ಉಳಿದದ್ದು ಹೇಗೆ ಎಂದು ನಿಮ್ಮ ಮಗಳನ್ನು ಕೇಳಿ ನೋಡಿ. ಸುತ್ತಲಿನ ಬೆಟ್ಟಗಳಿಂದ ಮಳೆನೀರು ಜಿಪ್ಸಮ್ಮನ್ನು ಕರಗಿಸಿಕೊಂಡು ಟುಲರೋಸ ತಗ್ಗಿಗೆ ಇಳಿಯುತ್ತದೆ. ಆ ತಗ್ಗಿನಿಂದ ಕಡಲಿಗೆ ಹರಿಯುವ ನದಿಯೇ ಇಲ್ಲದ ಕಾರಣ ನೀರು ಲುಸೆರೊ ಸರೋವರದಲ್ಲಿ ನಿಂತು, ಆವಿಯಾಗಿ, ಸೆಲೆನೈಟ್ ಎಂಬ ಹರಳುಗಳನ್ನು ಉಳಿಸುತ್ತದೆ. ಹರಳುಗಳು ಒಡೆದು ಪುಡಿಯಾಗುತ್ತವೆ, ನೈಋತ್ಯದ ಗಾಳಿ ಆ ಪುಡಿಯನ್ನು ದಿಬ್ಬವಾಗಿ ಒಟ್ಟುತ್ತದೆ. ಹೀಗೆ ಹರಡಿಕೊಂಡಿರುವ ಮರಳಿನ ವಿಸ್ತಾರ ಸುಮಾರು 710 ಚದರ ಕಿಲೋಮೀಟರ್. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಜಿಪ್ಸಮ್ ದಿಬ್ಬಗಳ ಹರವು ಬೇರೆಲ್ಲಿಯೂ ಇಲ್ಲ. ನೆನಪಿಗೆಂದು ಒಂದು ಹಿಡಿ ಮರಳು ತರುವಂತಿಲ್ಲ, ಅದು ಕಾನೂನುಬಾಹಿರ.

ಪ್ರಶ್ನೆ: ಹನ್ನೆರಡು ವರ್ಷದ ಮಗ ಅಲ್ಲಿನ 5 ಮೈಲಿಯ ಆಲ್ಕಲಿ ಫ್ಲ್ಯಾಟ್ ಹಾದಿಯನ್ನು ನಡೆಯಲೇಬೇಕೆಂದು ಹಟ ಹಿಡಿದಿದ್ದಾನೆ. ಜುಲೈ ರಜೆಯಲ್ಲಿ ಹೋಗಬಹುದೆ?
– ಓದುಗರೊಬ್ಬರು, ಆಸ್ಟಿನ್

ಉತ್ತರ: ಬೇಡ. ಹೆಸರಿನಲ್ಲಿ ಸಮತಟ್ಟಾದರೂ ಅದು ದಿಬ್ಬ ಹತ್ತಿ ದಿಬ್ಬ ಇಳಿಯುವ ಹಾದಿ. ಕಾಲುದಾರಿ ಎಂಬುದಿಲ್ಲ, ಕಂಬದಿಂದ ಕಂಬವನ್ನು ನೋಡಿಕೊಂಡೇ ಸಾಗಬೇಕು. 2015ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಿಂದ ಬಂದಿದ್ದ ದಂಪತಿ ಅದೇ ಹಾದಿಯಲ್ಲಿ ಬಿಸಿಲಿನ ತಾಪಕ್ಕೆ ಪ್ರಾಣ ಬಿಟ್ಟರು. ಜೊತೆಗಿದ್ದ ಒಂಬತ್ತು ವರ್ಷದ ಮಗ ಮಾತ್ರ ಉಳಿದ. ತಾಪಮಾನ 85 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 29 ಡಿಗ್ರಿ ಸೆಲ್ಸಿಯಸ್, ಮುಟ್ಟಿದ್ದರೆ ನಡಿಗೆಯನ್ನು ಆರಂಭಿಸಲೇಬಾರದು, ತಂದ ನೀರಿನಲ್ಲಿ ಅರ್ಧ ಮುಗಿದ ಕೂಡಲೇ ಹಿಂತಿರುಗಬೇಕು ಎಂದು ಉದ್ಯಾನದವರೇ ಹೇಳುತ್ತಾರೆ. ಜುಲೈನಲ್ಲಿ ಆ ತಾಪ ಬೆಳಿಗ್ಗೆಯೇ ಬಂದುಬಿಡುತ್ತದೆ.

ನಡಿಗೆಯನ್ನು ಡಿಸೆಂಬರ್ ರಜೆಗೆ ಇಟ್ಟುಕೊಳ್ಳಿ. ಆಗ ಬೇಗ ಕತ್ತಲಾಗುವುದರಿಂದ ಬೆಳಿಗ್ಗೆಯೇ ಹೊರಡಬೇಕು; ಕ್ರಿಸ್‌ಮಸ್ ದಿನ ಉದ್ಯಾನಕ್ಕೆ ರಜೆ. ಸುತ್ತಲೂ ಸೇನೆಯ ಕ್ಷಿಪಣಿ ಪರೀಕ್ಷಾ ವಲಯ ಇರುವುದರಿಂದ ಪರೀಕ್ಷೆಯ ದಿನಗಳಲ್ಲಿ ರಸ್ತೆಯನ್ನು ಮೂರು ತಾಸಿನವರೆಗೂ ಮುಚ್ಚುವುದುಂಟು. ಮುಚ್ಚುವ ವೇಳೆಯನ್ನು ಉದ್ಯಾನದ ಜಾಲತಾಣದಲ್ಲಿ ಮುಂಚಿತವಾಗಿ ಪ್ರಕಟಿಸುತ್ತಾರೆ, ಹಿಂದಿನ ದಿನವೇ ನೋಡಿಕೊಳ್ಳಿ. ಮರಳಿನಲ್ಲಿ ಲೋಹದ ತುಂಡೇನಾದರೂ ಕಂಡರೆ ಮಗ ಅದನ್ನು ಮುಟ್ಟದೆ, ಇರುವ ಜಾಗವನ್ನು ಗುರುತಿಟ್ಟುಕೊಂಡು ಸಿಬ್ಬಂದಿಗೆ ತಿಳಿಸಲಿ.