ದೇವರು ಹೇಗಿದ್ದರೂ ಪ್ರೀತಿಸುತ್ತಾನೆ ಅಂದಮೇಲೆ ಪಶ್ಚಾತ್ತಾಪ ಯಾಕೆ?

ನೀವು ಕೇಳಿದ್ದು ಇದು: ನಾವು ಹೇಗಿದ್ದರೂ ದೇವರು ಪ್ರೀತಿಸುತ್ತಾನೆ ಅಂತ ಕ್ರೈಸ್ತರು ಹೇಳುತ್ತೀರಿ, ಹಾಗಾದರೆ ಪಶ್ಚಾತ್ತಾಪ ಪಡು ಅಂತ ಯಾಕೆ ಹಿಂದೆ ಬೀಳುತ್ತೀರಿ? ಭಾನುವಾರ ಚರ್ಚಿಗೆ ಹೋಗಿ ತಪ್ಪಾಯ್ತು ಅಂದು, ಸೋಮವಾರ ಮತ್ತೆ ಅದೇ ಮಾಡಿದರೆ ನಡೆಯುತ್ತಾ?

ಎರಡನೇ ಪ್ರಶ್ನೆಯಲ್ಲಿ ಸ್ವಲ್ಪ ಕುಟುಕು ಇದೆ, ಇರಲಿ. ನಾನು ಹುಟ್ಟು ಕಥೋಲಿಕ, ಇಂಥ ಸೋಮವಾರಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಮೊದಲು ಪದದ ವಿಷಯ. ಪಶ್ಚಾತ್ತಾಪ ಅಂದಾಗ ನಮ್ಮ ತಲೆಗೆ ಬರುವುದು ತಾಪ. ಮಾಡಿದ ಮೇಲೆ ಒಳಗೊಳಗೇ ಬೇಯುವುದು. ಆದರೆ ಹೀಬ್ರೂ ಭಾಷೆಯಲ್ಲಿ ಇದಕ್ಕೆ ಬಳಸುವ 'ಶೂವ್' ಅನ್ನುವ ಪದಕ್ಕೆ ವಾಪಸ್ ತಿರುಗು ಅಂತ ಅರ್ಥ. ಗ್ರೀಕಿನ 'ಮೆಟನೋಯಾ' ಅಂದರೆ ಮನಸ್ಸು ಬದಲಾಗುವುದು. ಹಳೆಯ ಕನ್ನಡ ಬೈಬಲಿನಲ್ಲಿ ಯೇಸುವಿನ ಮೊದಲ ಬೋಧನೆ 'ದೇವರ ಕಡೆಗೆ ತಿರುಗಿಕೊಳ್ಳಿರಿ' ಅಂತಲೇ ಇದೆ. ಹಾಗೆ ಅನುವಾದ ಮಾಡಿದವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಬೇಯುತ್ತಾ ಕೂತವನು ಕೂತಲ್ಲೇ ಇರುತ್ತಾನೆ. ತಪ್ಪು ಬಸ್ ಹತ್ತಿದೆ ಅಂತ ಗೊತ್ತಾದವನು ಇಳಿದು ಆ ಕಡೆಯ ಸ್ಟಾಪಿಗೆ ದಾಟಬೇಕು ಅಲ್ವಾ, ಅದು.

ಈಗ ಪ್ರೀತಿ ಮೊದಲೋ ಪಶ್ಚಾತ್ತಾಪ ಮೊದಲೋ ಅನ್ನುವುದು. ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಲ್ಲಿ ಒಂದಾದ ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ದುಂದುಗಾರ ಮಗನ ಕಥೆ ಬರುತ್ತದೆ, ನೀವೂ ಕೇಳಿರಬಹುದು. ಅದರಲ್ಲಿ ಅಪ್ಪ ಅಂದರೆ ದೇವರು. ಕಿರಿಮಗ ಅಪ್ಪ ಬದುಕಿರುವಾಗಲೇ ಪಾಲು ಇಸ್ಕೊಂಡು, ದೂರದ ದೇಶಕ್ಕೆ ಹೋಗಿ ಎಲ್ಲ ಉಡಾಯಿಸಿ, ಬರಗಾಲ ಬಂದಾಗ ಹಂದಿ ಮೇಯಿಸುವ ಕೆಲಸಕ್ಕೆ ಸೇರುತ್ತಾನೆ. ಯೆಹೂದ್ಯರಿಗೆ ಹಂದಿ ನಿಷಿದ್ಧ, ಹಾಗಾಗಿ ಅವನು ಇನ್ನೂ ಕೆಳಗೆ ಇಳಿಯೋಕೆ ಜಾಗವೇ ಇರಲಿಲ್ಲ. ಆಗ ಮನೆ ನೆನಪಾಗುತ್ತದೆ. ನಿಜ ಹೇಳಬೇಕಂದ್ರೆ ನೆನಪಾಗಿದ್ದು ಅಪ್ಪ ಅಲ್ಲ, ಅಪ್ಪನ ಮನೆಯ ಆಳುಗಳಿಗೆ ಸಿಗುವ ಊಟ.

ಅಪ್ಪನಿಗೆ ಏನು ಹೇಳಬೇಕು ಅಂತ ಹೊರಡೋ ಮೊದಲೇ ಮೂರು ಮಾತು ಜೋಡಿಸಿಕೊಳ್ಳುತ್ತಾನೆ. ದೇವರಿಗೂ ನಿನಗೂ ತಪ್ಪು ಮಾಡಿದೆ. ನಿನ್ನ ಮಗ ಅನ್ನಿಸಿಕೊಳ್ಳೋ ಯೋಗ್ಯತೆ ನನಗಿಲ್ಲ. ನಿನ್ನ ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ. ಆದರೆ ಅವನು ಇನ್ನೂ ದೂರದಲ್ಲಿರುವಾಗಲೇ ಅಪ್ಪ ನೋಡಿ, ಓಡಿಬಂದು ತಬ್ಬಿಕೊಂಡು ಮುತ್ತಿಡುತ್ತಾನೆ. ಮಗ ಬಾಯಿಪಾಠ ಒಪ್ಪಿಸೋಕೆ ಶುರುಮಾಡುತ್ತಾನೆ. ಮೊದಲ ಮಾತು ಆಯ್ತು, ಎರಡನೆಯದೂ ಆಯ್ತು. ಮೂರನೆಯದು ಅವನ ಬಾಯಿಂದ ಬರುವುದೇ ಇಲ್ಲ, ಅಷ್ಟರಲ್ಲಿ ಅಪ್ಪ ಆಳುಗಳನ್ನು ಕರೆದು ಒಳ್ಳೇ ಅಂಗಿ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಜೋಡು ಹಾಕಿ ಅಂತ ಗಲಾಟೆ ಎಬ್ಬಿಸಿಬಿಟ್ಟಿದ್ದಾನೆ. ಕೂಲಿಯಾಳು ಅನ್ನುವ ಮಾತಿಗೆ ಅಲ್ಲಿ ಜಾಗವೇ ಸಿಗಲಿಲ್ಲ. ತಬ್ಬಿಕೊಂಡಿದ್ದು ಮೊದಲು, ತಪ್ಪೊಪ್ಪಿಗೆ ಆಮೇಲೆ. ಚಿಕ್ಕಂದಿನಿಂದ ಈ ಕಥೆ ಕೇಳಿದ್ದರೂ ನಾನು ಇದನ್ನು ಗಮನಿಸಿದ್ದು ಮದುವೆಯಾಗಿ ಮಗಳು ಹುಟ್ಟಿದ ಮೇಲೆ.

ಹಾಗಂತ ಬಿಟ್ಟಿ ಅಂದುಕೋಬೇಡಿ. ಅದೇ ಲೂಕನ 19ರಲ್ಲಿ ಜಕ್ಕಾಯ ಇದ್ದಾನೆ, ಯೆರಿಕೋ ಊರಿನ ಸುಂಕದವರ ಮುಖಂಡ, ಜನರಿಂದ ಜಾಸ್ತಿ ಕಿತ್ತು ಸಾಹುಕಾರನಾದವನು. ಯೇಸುವನ್ನು ನೋಡೋಕೆ ಮರ ಹತ್ತಿ ಕೂತವನಿಗೆ ಯೇಸುವೇ 'ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು, ಇಳಿದು ಬಾ' ಅನ್ನುತ್ತಾರೆ. ಇಲ್ಲೂ ಪ್ರೀತಿಯೇ ಮೊದಲು. ಆದರೆ ಜಕ್ಕಾಯ ಸುಮ್ನೆ ಅಳುತ್ತಾ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದ ಅನ್ಯಾಯವಾಗಿ ಕಿತ್ತುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಅಂದ. ತಾನಾಗಿ ತಪ್ಪು ಒಪ್ಪಿಕೊಂಡವನು ಅಸಲು ಕೊಟ್ಟು ಮೇಲೆ ಐದನೇ ಒಂದು ಭಾಗ ಸೇರಿಸಿದರೆ ಸಾಕು ಅಂತ ಯೆಹೂದ್ಯರು ಪಾಲಿಸುತ್ತಿದ್ದ ಮೋಶೆಯ ಕಾನೂನಿನಲ್ಲಿತ್ತು. ಅಂದರೆ ನೂರಕ್ಕೆ ನೂರಾ ಇಪ್ಪತ್ತು. ಇವನು ನಾನೂರು ಕೊಡ್ತೀನಿ ಅಂತಾನೆ!

ನನ್ನದೇ ಒಂದು ಹೇಳಿಬಿಡುತ್ತೇನೆ. ಹಿಂದೆ ಒಂದು ಕಂಪನಿಯಲ್ಲಿದ್ದಾಗ ಎರಡು ವರ್ಷ ಆಟೋ ಬಿಲ್, ಊಟದ ಬಿಲ್ ಅಂತ ಸುಳ್ಳು ಬರೆದು ಸುಮಾರು 14,000 ರೂಪಾಯಿ ಹೊಡೆದಿದ್ದೆ. ಎಲ್ಲರೂ ಮಾಡ್ತಾರೆ ಅನ್ನುವ ಧೈರ್ಯ. ಕೆಲಸ ಬಿಟ್ಟು ಎಷ್ಟೋ ದಿನದ ಮೇಲೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಕನ್ಫೆಷನ್‌ಗೆ, ಅಂದರೆ ಫಾದರ್ ಮುಂದೆ ತಪ್ಪೊಪ್ಪಿಕೊಳ್ಳೋಕೆ, ಹೋಗಿ ಹೇಳಿಕೊಂಡೆ. ಫಾದರ್ ಕೇಳಿದ್ದು ಒಂದೇ: 'ದುಡ್ಡು ವಾಪಸ್ ಕೊಟ್ಟೆಯಾ?' ಇಲ್ಲ ಫಾದರ್, ಅದಕ್ಕೇ ಇಲ್ಲಿಗೆ ಬಂದೆ ಅಂದೆ. 'ನಾನು ಆ ಕಂಪನಿ ಕ್ಯಾಷಿಯರ್ ಅಲ್ಲ ಕಣಪ್ಪ' ಅಂದರು. ಕೊಡುತ್ತೇನೆ ಅಂತ ಮಾತು ಕೊಟ್ಟ ಮೇಲೆ ಕ್ಷಮೆಯ ಪ್ರಾರ್ಥನೆ ಹೇಳಿದರು. ಪ್ರಾಯಶ್ಚಿತ್ತಕ್ಕೆ ಬೈಬಲಿನ 51ನೇ ಕೀರ್ತನೆ, ಕ್ಷಮೆ ಬೇಡುವ ಹಾಡು, ಓದು ಅಂದರು, ಅಷ್ಟೇ. ದುಡ್ಡು ವಾಪಸ್ ಕೊಡುತ್ತೇನೆ ಅಂತ ಆ ಕಂಪನಿಗೆ ಮೇಲ್ ಬರೆಯೋಕೆ ನನಗೆ ಹನ್ನೊಂದು ದಿನ ಬೇಕಾಯಿತು. ನಾಲ್ಕು ಸಲ ಅಳಿಸಿದೆ. ಕೊನೆಗೆ ಕಳಿಸಿದರೆ ಅಕೌಂಟ್ಸ್‌ನವರಿಂದ ಬಂದ ಉತ್ತರ: ಇದನ್ನು ಯಾವ ಲೆಕ್ಕದಲ್ಲಿ ತೋರಿಸಬೇಕು, ದಯವಿಟ್ಟು ತಿಳಿಸಿ.

ನಮ್ಮ ಚರ್ಚೂ ಇದರಲ್ಲಿ ಎಡವಿದೆ, ಮುಚ್ಚಿಡುವುದೇನಿಲ್ಲ. ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಅಂತ ದುಡ್ಡಿಗೆ ಚೀಟಿ ಕೊಡುವ ಕಾಲ ಒಂದಿತ್ತು. 1517ರಲ್ಲಿ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಅದರ ವಿರುದ್ಧ 95 ಅಂಶ ಬರೆದರು. ಮೊದಲನೆಯದೇ, ನಂಬಿದವರ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಅಂತ. ನಾನು ಲೂಥರನ್ ಅಲ್ಲ, ಆದರೂ ಆ ಮಾತಿಗೆ ತಕರಾರಿಲ್ಲ.

ಇನ್ನು ನಿಮ್ಮ ಸೋಮವಾರ. ಹೇಗೂ ಭಾನುವಾರ ಕ್ಷಮೆ ಇದೆ ಅಂತ ಲೆಕ್ಕ ಹಾಕಿ ತಪ್ಪು ಮಾಡುವವನು ತಿರುಗಿಯೇ ಇಲ್ಲ. ಮತ್ತೆ ಮಾಡಬಾರದು ಅನ್ನುವ ಮನಸ್ಸಿಲ್ಲದೆ ಹೇಳಿದ ಕನ್ಫೆಷನ್ ಕನ್ಫೆಷನ್ನೇ ಅಲ್ಲ, ಇದು ನಮ್ಮ ಚರ್ಚಿನದೇ ಬೋಧನೆ. ಆದರೆ ನಿಜವಾಗಿ ತಿರುಗಿ, ಮತ್ತೆ ಜಾರಿದವನ ಕಥೆ ಬೇರೆ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವಾ ಅಂತ ಯೇಸುವನ್ನು ಕೇಳಿದ್ದು ಅವರ ಶಿಷ್ಯ ಪೇತ್ರ. ಏಳಲ್ಲ, ಎಪ್ಪತ್ತು ಏಳರಷ್ಟು ಅಂತ ಉತ್ತರ ಬಂತು. ಅದೇ ಪೇತ್ರ ಆಮೇಲೆ, ಸೈನಿಕರು ಯೇಸುವನ್ನು ಹಿಡಿದ ರಾತ್ರಿ, ಇದ್ದಲಿನ ಬೆಂಕಿ ಕಾಯಿಸುತ್ತಾ ನಿಂತು, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದ.

ಪುನರುತ್ಥಾನದ ನಂತರ, ಅಂದರೆ ಶಿಲುಬೆಯಲ್ಲಿ ಸತ್ತ ಯೇಸು ಮತ್ತೆ ಎದ್ದು ಬಂದ ಮೇಲೆ, ಅವನ ಜೊತೆ ಕೂತು ಮಾತಾಡಿದ್ದು ಕೆರೆದಡದಲ್ಲಿ, ಬೆಳಗಿನ ಹೊತ್ತು, ಮತ್ತೆ ಇದ್ದಲಿನ ಬೆಂಕಿಯ ಮುಂದೆ. ಅದರ ಮೇಲೆ ಮೀನು ಬೇಯುತ್ತಿತ್ತು. ಮೊದಲು ಊಟ ಹಾಕಿದರು. ಯಾಕೆ ಹಾಗಂದೆ ಅಂತ ಕೇಳಲೇ ಇಲ್ಲ. 'ನನ್ನ ಮೇಲೆ ನಿನಗೆ ಪ್ರೀತಿ ಇದೆಯಾ' ಅಂತ ಮಾತ್ರ ಕೇಳಿದರು, ಅದನ್ನೂ ಮೂರು ಸಲ. ಮೂರನೇ ಸಲ ಕೇಳಿದಾಗ ಪೇತ್ರನಿಗೆ ನೋವಾಯಿತು ಅಂತ ಬರೆದಿದೆ. ಆಗದೆ ಇರುತ್ತಾ?