ಒಂದು ಉತ್ತರ ಬಂದಿತ್ತಲ್ಲ?

ಈ ವಾರ ಅಣ್ಣ-ತಮ್ಮಂದಿರ ಆಸ್ತಿ ಜಗಳದ ಪತ್ರವೊಂದಕ್ಕೆ ಉತ್ತರ ಬರೆಯಲು ಕೂತಿದ್ದೆ. ಅದು ಕಾಯಲಿ, ಎಂಟು ವರ್ಷದಿಂದ ಕಾದಿದೆಯಂತೆ. ನಡುವೆ ಈ ಹುಡುಗಿಯ ಪತ್ರ ಓದಿ ಸಿಟ್ಟು ನೆತ್ತಿಗೇರಿತು. ಸಿಟ್ಟು ಅವಳ ಮೇಲಲ್ಲ, ಯಾರ ಮೇಲೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಸಿನಿಮಾ ಸಂಕಲನ, ಅಂದರೆ ಎಡಿಟಿಂಗ್, ಕಲಿಯುತ್ತಿದ್ದಾಳೆ. ಕೋರ್ಸ್ ಮುಗಿಯಲು ಇನ್ನು 10 ತಿಂಗಳು. 'ಈ ಫೀಲ್ಡಿನಲ್ಲಿ ಕಾಂಟ್ಯಾಕ್ಟ್ ಇದ್ದವರಿಗಷ್ಟೇ ಕೆಲಸ' ಅಂತ ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದ್ದೇ ತಡ, ಹೆದರಿ 61 ಜನರಿಗೆ ಒಂದೇ ಸಂದೇಶ ಕಳಿಸಿದಳು. ಒಂದು ಚಿತ್ರೋತ್ಸವಕ್ಕೆ ಹೋಗಿ, ಎರಡು ಗಂಟೆ ಗೋಡೆಗೊರಗಿ ನಿಂತು, ಯಾರನ್ನೂ ಮಾತಾಡಿಸದೆ ವಾಪಸು ಬಂದಳು. ಸಹಪಾಠಿಯೊಬ್ಬ ಕಂಡಕಂಡ ನಿರ್ದೇಶಕರ ಜೊತೆ ಫೋಟೊ ತೆಗೆಸಿಕೊಂಡು ಹಾಕುತ್ತಾನೆ. 'ನನಗೆ ಮಾತೇ ಬರಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಾ?' ಇದು ಅವಳ ಪ್ರಶ್ನೆ.

ಮಾತು ಬರದ ವಿಷಯಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಸಂಕಲನವೆಂದರೆ ಕತ್ತಲು ಕೋಣೆಯಲ್ಲಿ ಇಬ್ಬರು ಮೂವರು ವಾರಗಟ್ಟಲೆ ಕೂರುವ ಕೆಲಸ. ಅಲ್ಲಿ ವಟವಟ ಅನ್ನುವವರನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಆ ಫೋಟೊ ಹುಡುಗನನ್ನೂ ಬಿಟ್ಟುಬಿಡಿ. ಪಕ್ಕದಲ್ಲಿ ನಿಂತು ನಕ್ಕವರಿಗೆ ಅವನ ಹೆಸರು ಗೊತ್ತಿದೆಯೋ ಇಲ್ಲವೋ, ಯಾರು ಕಂಡರು?

ನನ್ನ ಕಣ್ಣು ನಿಂತದ್ದು ನಿಮ್ಮ ಪತ್ರದ ಕೊನೆಯ ಪುಟದಲ್ಲಿ. ಅಲ್ಲಿ, ಆವರಣ ಚಿಹ್ನೆಯೊಳಗೆ ಬಚ್ಚಿಟ್ಟಂತೆ, ಹೀಗೆ ಬರೆದಿದ್ದೀರಿ: '(ಒಬ್ಬರು ಉತ್ತರ ಕೊಟ್ಟರು. ಆದರೆ ಅವರು ಸಹಾಯಕ ಸಂಕಲನಕಾರರು ಅಷ್ಟೆ. ಸದ್ಯ ಕೆಲಸ ಇಲ್ಲ, ನೀವು ಕಟ್ ಮಾಡಿದ ಒಂದು ಸೀನ್ ಕಳಿಸಿ, ನೋಡ್ತೀನಿ ಅಂದರು. ಫೈನಲ್ ಆಗಿರಲಿಲ್ಲ, ಕಳಿಸಲಿಲ್ಲ.)' ಇದಾಗಿ ಐದು ವಾರ!

ಅಲ್ಲಮ್ಮ, 61 ಬಾಗಿಲು ಬಡಿದಿರಿ, ಒಂದು ತೆರೆಯಿತು. ನೀವು ಹೊಸ್ತಿಲ ಹೊರಗೇ ನಿಂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೀರಿ.

ಆ 'ಅಷ್ಟೆ' ಅನ್ನುವ ಪದವನ್ನು ಮೊದಲು ಹೊಡೆದುಹಾಕಿ. ಶೂಟಿಂಗಿನಿಂದ ಬಂದ ಫೂಟೇಜನ್ನು ತಂದು ಸುರಿಯುವುದು, ಕ್ಲ್ಯಾಪ್ ಹಲಗೆ ಬಡಿದ ಕ್ಷಣ ನೋಡಿ ಚಿತ್ರಕ್ಕೆ ಧ್ವನಿ ಕೂಡಿಸುವುದು, ಟೇಕ್‌ಗಳಿಗೆ ಹೆಸರಿಟ್ಟು ಜೋಡಿಸುವುದು, ಕಟ್ ಮುಗಿದ ಮೇಲೆ ಧ್ವನಿಯವರಿಗೂ ಚಿತ್ರದ ಬಣ್ಣ ಹದಗೊಳಿಸುವವರಿಗೂ ಫೈಲು ಕಳಿಸುವುದು, ಇಷ್ಟೆಲ್ಲ ಸಾಮಾನ್ಯವಾಗಿ ಸಹಾಯಕರ ತಲೆಯ ಮೇಲೇ ಇರುತ್ತದೆ. ಕೆಲಸ ಮೈಮೇಲೆ ಬಿದ್ದಾಗ, ಅಥವಾ ಇನ್ನೊಬ್ಬ ಸಹಾಯಕ ಕೈಕೊಟ್ಟಾಗ, ಸಂಕಲನಕಾರ ಕುರ್ಚಿ ತಿರುಗಿಸಿ ಕೇಳುವುದು ಇವರನ್ನೇ: 'ನಿಂಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ? ನಾಳೆ ಬೆಳಿಗ್ಗೆ ಬರಬೇಕು.' ಆ ಹೊತ್ತಿಗೆ ನಾಲಿಗೆಯ ತುದಿಯಲ್ಲಿರುವ ಹೆಸರೇ ನೀವೆಲ್ಲ ಹುಡುಕುತ್ತಿರುವ ಆ ಮಹಾ ಕಾಂಟ್ಯಾಕ್ಟು.

ಇದು ನನ್ನೊಬ್ಬಳ ಹಟವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು 'ಆ ಪರಿಚಯಸ್ಥರನ್ನು ಎಷ್ಟು ಸಲ ಕಾಣುತ್ತಿದ್ದಿರಿ' ಅಂತ ಕೇಳಿದ್ದರು. ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದೆ ಅಂದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ 55.6. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಮ್ಮಿ ಅಂದವರು ಶೇ 27.8. ಅವರು ಸಿನಿಮಾದವರಲ್ಲ, ಬೇರೆ ಬೇರೆ ವೃತ್ತಿಯವರು, ಒಪ್ಪುತ್ತೇನೆ. ಆದರೆ ಆ ಪರಿಚಯಸ್ಥರಲ್ಲಿ ಅನೇಕರು ಯಾರು ಗೊತ್ತೇ? ಹಳೆಯ ಕಾಲೇಜು ಗೆಳೆಯರು, ಹಿಂದೆ ಜೊತೆಗೆ ದುಡಿದವರು. ನಿಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ತೂಕಡಿಸುವ ಆ ಸೌಂಡ್ ವಿಭಾಗದ ಹುಡುಗನ ಜೊತೆ ಜಗಳ ಆಡಿಕೊಳ್ಳಬೇಡಿ ಅಂತ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಈಗ ನಿಮ್ಮ ಮೇಷ್ಟ್ರ ವಿಚಾರ. 20 ವರ್ಷ ಸಿನಿಮಾದಲ್ಲಿ ದುಡಿದವರು ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಒಂದು ಪೂರ್ತಿ ಕ್ಲಾಸು ಕಾಂಟ್ಯಾಕ್ಟಿನ ಮಹಿಮೆ ಹಾಡಿದ ಮನುಷ್ಯ, ಜೇಬಿನಿಂದ ಫೋನ್ ತೆಗೆದು 'ನನ್ನ ಸ್ಟೂಡೆಂಟ್ ಒಬ್ಬಳಿದ್ದಾಳೆ, ಒಂದು ದಿನ ನಿಮ್ಮ ಕೋಣೆಯಲ್ಲಿ ಸುಮ್ಮನೆ ಕೂತು ನೋಡಲಿ' ಅಂತ ಯಾರಿಗಾದರೂ ಹೇಳಿದರಾ? ಪತ್ರದಲ್ಲಂತೂ ಇಲ್ಲ. ಮಕ್ಕಳನ್ನು ಹೆದರಿಸುವುದು ಪಾಠವಲ್ಲ. ನನ್ನ ಸಿಟ್ಟು ಇವರ ಮೇಲೆ.

ಇನ್ನು ನೀವು ಕಳಿಸಿದ ಸಂದೇಶ. 'ಗೌರವಾನ್ವಿತ ಸರ್, ನಾನು ನಿಮ್ಮ ಕಟ್ಟಾ ಅಭಿಮಾನಿ, ದಯವಿಟ್ಟು ಒಂದು ಅವಕಾಶ ಕೊಡಿ.' 61 ಜನರಲ್ಲಿ ಎಷ್ಟು ಮಂದಿ ಮೇಡಂ ಇದ್ದರೋ! ಈ ಅಂಕಣ ಓದುವವರಿಗೆ ನನ್ನ ರಾಗ ಬಾಯಿಪಾಠ ಆಗಿದೆ, ಆದರೂ ಹಾಡುತ್ತೇನೆ: ಗುರುತಿಲ್ಲದವರ ಹತ್ತಿರ ಕೆಲಸ ಕೇಳಬೇಡಿ, ಕೆಲಸದ ಬಗ್ಗೆ ಕೇಳಿ. 'ಅವಕಾಶ ಕೊಡಿ' ಅಂದರೆ ಅವರು 'ಇಲ್ಲ' ಅನ್ನಬೇಕಾಗುತ್ತದೆ, ಅದಕ್ಕಿಂತ ಸುಮ್ಮನಿರುವುದು ಸುಲಭ. ಕಸುಬಿನ ಪ್ರಶ್ನೆ ಕೇಳಿದರೆ ಕಸುಬು ಬಲ್ಲವರಿಗೆ ಕೈ ತುರಿಸುತ್ತದೆ.

ನಿಮ್ಮ ಹತ್ತಿರ ಅಂಥ ಪ್ರಶ್ನೆ ಇದೆ, ಪತ್ರದಲ್ಲೇ ಇದೆ. ನಿಮ್ಮ ಸೀನಿನಲ್ಲಿ ತಂಗಿ ಸೂಟ್‌ಕೇಸ್ ಮುಚ್ಚುತ್ತಿದ್ದಾಳೆ, ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಸೂಟ್‌ಕೇಸಿನ ಕ್ಲಿಕ್ ಶಬ್ದಕ್ಕೇ ಅಕ್ಕನ ಮುಖಕ್ಕೆ ಹೋಗಬೇಕೋ, 12 ಫ್ರೇಮ್ ತಡೆದು ಹೋಗಬೇಕೋ ಅಂತ ಮೂರು ವಾರ ಒದ್ದಾಡಿದ್ದೀರಿ. ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್, 24 ಬಿಡಿ ಚಿತ್ರಗಳು. ಅಂದರೆ ನಿಮ್ಮ ಮೂರು ವಾರದ ಸಂಕಟ ಅರ್ಧ ಸೆಕೆಂಡಿನದು. ಲಾಯಕ್ಕಾ ಅಂತ ನನ್ನನ್ನು ಕೇಳುತ್ತೀರಲ್ಲ, ಅರ್ಧ ಸೆಕೆಂಡಿಗೆ ಮೂರು ವಾರ ಒದ್ದಾಡುವವರು ಇನ್ಯಾವ ಕೆಲಸಕ್ಕೂ ಲಾಯಕ್ಕಲ್ಲ.

ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ ಮಲಗುವ ಮುಂಚೆ ಆ ಸಹಾಯಕರಿಗೆ ಸೀನ್ ಕಳಿಸಿ. ಜೊತೆಗೆ ಇಷ್ಟೇ ಬರೆಯಿರಿ: 'ತಡವಾಯಿತು, ಕ್ಷಮಿಸಿ. ಎರಡೂವರೆ ನಿಮಿಷದ ಸೀನ್ ಇದು. ಸೂಟ್‌ಕೇಸ್ ಮುಚ್ಚಿದ ತಕ್ಷಣ ಅಕ್ಕನ ಮುಖಕ್ಕೆ ಕಟ್ ಮಾಡಿದ್ದೇನೆ. ಬೇಗ ಆಯಿತೆನ್ನಿಸುತ್ತದೆಯೇ?' ಐದು ವಾರಕ್ಕೆ ಐದು ಸಾಲಿನ ಕಾರಣ ಕೊಡಬೇಡಿ. ಅವರು ಏನಾದರೂ ಹೇಳಿದರೆ, ಹಾಗೆ ಮಾಡಿ ನೋಡಿ, ಏನಾಯಿತು ಅಂತ ಮತ್ತೊಮ್ಮೆ ಬರೆಯಿರಿ.

ಕಟ್ ಅನ್ನು ಮತ್ತೆ ಮುಟ್ಟಬೇಡಿ. ಫೈಲಿಗೆ 'ಫೈನಲ್ ಫೈನಲ್ 7' ಅಂತ ಹೆಸರಿಟ್ಟಿದ್ದರೆ ಅದೊಂದನ್ನು ಬದಲಿಸಿ.